ಹಿತ್ತಲ ಕೋಳಿಗಳ ಆಹಾರಪಾತ್ರೆ: ಪಕ್ಷಿಸ್ವಭಾವ ಮತ್ತು ರಚನಾವಿಧಾನ

ಕೋಳಿಸಾಕಣೆಯ ಒಟ್ಟು ವೆಚ್ಚದಲ್ಲಿ ಶೇಕಡಾ 60ರಿಂದ 70ರಷ್ಟು ಪಾಲು ಆಹಾರಕ್ಕೇ ಸಲ್ಲುತ್ತದೆಂಬುದು ಪಶುವಿಜ್ಞಾನದಲ್ಲಿ ಸರ್ವಸಮ್ಮತವಾದ ಮಾತು. ಬೆಳೆದ ಹೇಂಟೆಗೆ ದಿನವೊಂದಕ್ಕೆ 100ರಿಂದ 120 ಗ್ರಾಂ ಆಹಾರ ಸಾಕಾಗುವುದಾದರೂ, ಮುಸುಕಿನ ಜೋಳ, ಅಕ್ಕಿನುಚ್ಚು, ತೌಡು, ಶೇಂಗಾ ಹಿಂಡಿಗಳನ್ನು ಬೆರೆಸಿ ಅಗಲಬಾಯಿಯ ಪಾತ್ರೆಯಲ್ಲಿಟ್ಟಾಗ ಅದರಲ್ಲಿ ಗಣನೀಯವಾದ ಭಾಗವು ನೆಲದ ಪಾಲಾಗುತ್ತದೆ. ಈ ನಷ್ಟದ ಮೂಲವು ಪಾತ್ರೆಯ ಆಕಾರದಲ್ಲಿದೆಯೆಂದೂ, ಪಕ್ಷಿಯ ಚಲನಕ್ರಮವನ್ನರಿತು ರಚಿಸಿದ ಪಾತ್ರೆಯಿಂದ ಅದನ್ನು ನಿವಾರಿಸಬಹುದೆಂದೂ ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸಾಕುಕೋಳಿಯ ಮೂಲವಂಶವಾದ ಕೆಂಪು ಕಾಡುಕೋಳಿಯು ಕಾಡಿನ ತರಗೆಲೆಗಳನ್ನು ಕಾಲಿನಿಂದ ಕೆದಕಿ, ಕೊಕ್ಕಿನಿಂದ ಅಡ್ಡಕ್ಕೆ ಸರಿಸಿ, ಅಡಗಿದ ಕಾಳನ್ನೂ ಹುಳುವನ್ನೂ ಹೆಕ್ಕಿ ಬದುಕಿದ ಜೀವಿ. ಆ ಸಹಜಪ್ರವೃತ್ತಿಯಿಂದಲೇ ಹಿತ್ತಲ ಹೇಂಟೆಯು ದಪ್ಪ ಕಾಳನ್ನು ಆರಿಸಿಕೊಳ್ಳುವಾಗ ಹಿಟ್ಟನ್ನು ಎಡಬಲಕ್ಕೆ ಚಿಮ್ಮುತ್ತದೆ. ಕಂಠಮಟ್ಟ ತುಂಬಿದ ತೊಟ್ಟಿಯಲ್ಲಿ ಶೇಕಡಾ 30ರವರೆಗೂ, ಅರ್ಧ ತುಂಬಿದುದರಲ್ಲಿ ಸುಮಾರು 3ರಷ್ಟೂ, ಮೂರನೆಯ ಒಂದಂಶ ತುಂಬಿದುದರಲ್ಲಿ ಸುಮಾರು 1ರಷ್ಟೂ ಆಹಾರ ಪೋಲಾಗುತ್ತದೆಂದು ಕೋಳಿಸಾಕಣೆಯ ಕೈಪಿಡಿಗಳು ಹೇಳುತ್ತವೆ. ಆದುದರಿಂದ ಕೊಕ್ಕಿನ ಊರ್ಧ್ವಾಧೋಚಲನೆಗೆ ಅವಕಾಶ ಕೊಟ್ಟು, ಪಾರ್ಶ್ವಚಲನೆಯನ್ನು ತಡೆಯುವುದೇ ರಚನೆಯ ಪ್ರಧಾನ ಸೂತ್ರವಾಗತಕ್ಕದ್ದು.

ಮುಚ್ಚಳವುಳ್ಳ 20 ಲೀಟರಿನ ಪ್ಲಾಸ್ಟಿಕ್ ಬಕೆಟ್ಟು ಮತ್ತು 75 ಮಿಲಿಮೀಟರಿನ ಪಿವಿಸಿ ಎಲ್ಬೋಗಳು ಇದಕ್ಕೆ ಸಾಕು. ಬಕೆಟ್ಟಿನ ಗೋಡೆಯಲ್ಲಿ ತಳದ ಸಮೀಪ ಎಲ್ಬೋ ಬಿಗಿಯಾಗಿ ಕೂರುವಂತೆ ರಂಧ್ರ ಕೊರೆದು, ಅದರ ಒಂದು ಬಾಯಿ ಹೊರಮುಖವಾಗಿಯೂ, ಇನ್ನೊಂದು ಒಳಗೆ ತಳದತ್ತ ಬಾಗಿ ತಳದಿಂದ ಸುಮಾರು ಎರಡು ಅಂಗುಲ ಮೇಲಿರುವಂತೆಯೂ ಜೋಡಿಸಬೇಕು. ಬಕೆಟ್ಟಿನಲ್ಲಿ ಎಷ್ಟೇ ಕಾಳು ತುಂಬಿದರೂ ಎಲ್ಬೋದೊಳಗೆ ಅದು ಒಳಬಾಯಿಯ ಮಟ್ಟವನ್ನು ಮೀರಿ ಏರಲಾರದು. ಹೇಂಟೆಯು ಕತ್ತನ್ನು ತೂರಿಸಿ ಕೆಳಕ್ಕೆ ಕುಕ್ಕುವಾಗ ಕೊಕ್ಕಿನಿಂದ ಜಾರಿದ ಕಾಳು ಮರಳಿ ಪಾತ್ರೆಯೊಳಕ್ಕೇ ಬೀಳುತ್ತದೆ. ರಂಧ್ರದ ಕೆಳಅಂಚು ಪಕ್ಷಿಯ ಬೆನ್ನಿನ ಮಟ್ಟದಲ್ಲಿರುವಂತೆ ಬಕೆಟ್ಟನ್ನು ಇಟ್ಟಿಗೆಗಳ ಮೇಲೆ ಇರಿಸಿದರೆ, ಕೆದಕಿದ ಮಣ್ಣು ಒಳಸೇರುವುದೂ ತಪ್ಪುತ್ತದೆ.

ಈ ರಚನೆಗೆ ಮಿತಿಗಳೂ ಉಂಟು. ಕೋಳಿಗಳ ಹಿಂಡಿನಲ್ಲಿ ಮೇಲುಕೀಳಿನ ಶ್ರೇಣಿಯಿರುವುದನ್ನು ನಾರ್ವೆಯ ವಿದ್ವಾಂಸ ಶೆಲ್ಡೆರುಪ್-ಎಬ್ಬೆ 1920ರ ದಶಕದ ಆದಿಯಲ್ಲಿಯೇ ತೋರಿಸಿಕೊಟ್ಟನು. ಒಂದೇ ರಂಧ್ರವಿದ್ದಲ್ಲಿ ಬಲಿಷ್ಠ ಪಕ್ಷಿಯು ದುರ್ಬಲವನ್ನು ಉಪವಾಸ ಕೆಡವುವುದರಿಂದ, ಎದುರುಬದುರಾಗಿ ನಾಲ್ಕು ರಂಧ್ರಗಳಿರುವುದು ಮೇಲು. ದೊಡ್ಡ ಜುಟ್ಟಿನ ಹುಂಜಗಳಿಗೆ 110 ಮಿಲಿಮೀಟರಿನ ಎಲ್ಬೋ ಬೇಕು. ಮರಿಗಳಿಗೆ ತಗ್ಗಾದ ತಟ್ಟೆಯೇ ಯುಕ್ತ. ನುಣ್ಣನೆಯ ಹಿಟ್ಟು ಕಟ್ಟಿಕೊಂಡು ಕೆಳಗಿಳಿಯದು. ಆದಕಾರಣ ತರಿಯಾಗಿ ಒಡೆದ ಧಾನ್ಯವೇ ಉಚಿತ. ಎಲ್ಲಕ್ಕಿಂತ ಮಿಗಿಲಾಗಿ ತೇವವನ್ನು ದೂರವಿಡಬೇಕು: 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತುದಕ್ಕೆ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷವೇ ಕಾರಣವಾಗಿತ್ತು. ಮುಚ್ಚಳವು ಮಳೆಯನ್ನು ತಡೆದೀತಾದರೂ, ವಾರಕ್ಕೊಮ್ಮೆ ತಳವನ್ನು ಬರಿದುಮಾಡಿ ತೊಳೆದು ಒಣಗಿಸುವ ಕರ್ತವ್ಯದಿಂದ ಸಾಕುವವರಿಗೆ ವಿನಾಯಿತಿಯಿಲ್ಲ.

ಹಿತ್ತಲ ಕೋಳಿಯ ಸಂಪಾದನೆಯು ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ಮನೆಯ ಹೆಂಗಸರ ಸ್ವಂತ ಹಣ. ನೆಲಕ್ಕೆ ಬಿದ್ದು ಕೆಡುವ ಪ್ರತಿಯೊಂದು ಹಿಡಿ ಕಾಳೂ ಆ ಅಲ್ಪ ಆದಾಯದಿಂದಲೇ ಕಳೆಯುವಂಥದು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳ ಮರಿಗಳನ್ನು ಹಂಚುವಷ್ಟೇ ಶ್ರದ್ಧೆಯಿಂದ ಇಂಥ ಪಾತ್ರೆಯ ರಚನೆಯನ್ನೂ ಕಲಿಸಿಕೊಟ್ಟರೆ, ಉತ್ತಮ ತಳಿಯ ಲಾಭವು ಸಾಕಿದವರ ಕೈಯಲ್ಲಿಯೇ ಉಳಿಯುವುದು.