ಹಳೆಯ ಸೈನಿಕ ಸಮವಸ್ತ್ರಗಳನ್ನು ಗುರುತಿಸುವ ವಿದ್ಯೆ

ಸೈನಿಕ ಸಮವಸ್ತ್ರಗಳನ್ನು ಕೂಡಿಸಿ ಗುರುತಿಸುವ ವಿದ್ಯೆಗೆ ಮೊದಲ ರೂಪ ಕೊಟ್ಟವರಲ್ಲಿ ಯುರೋಪಿನ ಚಿತ್ರಕಾರರು ಮುಖ್ಯರು. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಕದನದ ದೃಶ್ಯಗಳನ್ನು ಬರೆಯುತ್ತಿದ್ದ ಅರ್ನೆಸ್ಟ್ ಮೆಸೊನಿಯೆ ಮತ್ತು ಅವನ ಶಿಷ್ಯ ಎದುವಾರ್ ದೆತಾಯ್ ಹಳೆಯ ಸೈನಿಕ ಉಡುಪುಗಳನ್ನು ಹುಡುಕಿ ತಂದು, ಅವನ್ನು ಕಣ್ಣೆದುರು ಇಟ್ಟುಕೊಂಡೇ ಚಿತ್ರ ಬರೆದರು. ಜರ್ಮನಿಯ ರಿಚರ್ಡ್ ಕ್ನೋಟೆಲ್ 1890ರಲ್ಲಿ ಆರಂಭಿಸಿದ ಬಣ್ಣದ ಫಲಕಗಳ ಸರಣಿ ಸಾವಿರವನ್ನು ದಾಟಿತು. ಆಗ ಗುರುತಿಸುವುದೆಂದರೆ ಕೋಟಿನ ಬಣ್ಣ, ಗುಂಡಿ, ಕಾಲರಿನ ಅಂಚು ನೋಡಿ ಅದು ಯಾವ ದಳದ್ದೆಂದು ಹೇಳುವುದು. ದಳಕ್ಕೊಂದು ಬಣ್ಣವಿದ್ದ ಕಾಲಕ್ಕೆ ಅಷ್ಟು ಸಾಕಾಗಿತ್ತು.

ಆ ಕಾಲವನ್ನು ಮುಗಿಸಿದ್ದು ಖಾಕಿ. 1840ರ ದಶಕದ ಕೊನೆಗೆ ಪೇಶಾವರದ ಗೈಡ್ಸ್ ದಳಕ್ಕೆ ಬ್ರಿಟಿಷ್ ಅಧಿಕಾರಿ ಹ್ಯಾರಿ ಲಮ್ಸ್‌ಡೆನ್ ಮಣ್ಣಿನ ಬಣ್ಣದ ಉಡುಪು ತೊಡಿಸಿದ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಜಾನ್ ಹಾಲರ್ ಖಾಕಿ ಬಣ್ಣ ತಯಾರಿಸಿದನೆಂಬ ಕೀರ್ತಿ ಕರಾವಳಿಯಲ್ಲಿ ಇಂದಿಗೂ ಉಳಿದಿದೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಬಳಿಕ, 1902ರಲ್ಲಿ, ಬ್ರಿಟನ್ನಿನ ಸೈನ್ಯ ತಾಯ್ನಾಡಿನಲ್ಲೂ ಖಾಕಿ ಉಣ್ಣೆಗೆ ಬದಲಾಯಿತು. ಜರ್ಮನಿ ಹಸಿರು ಬೆರೆತ ಬೂದು ಬಣ್ಣವನ್ನು ಆರಿಸಿಕೊಂಡಿತು. ಫ್ರಾನ್ಸಿನ ಕಾಲಾಳುಗಳು 1914ರಲ್ಲಿ ಕೆಂಪು ಷರಾಯಿ ತೊಟ್ಟೇ ಯುದ್ಧಕ್ಕೆ ಇಳಿದರು. ನಸುನೀಲಿ ಉಡುಪು ಅವರಿಗೆ ಸಿಗುವ ಹೊತ್ತಿಗೆ ಲಕ್ಷಾಂತರ ಸಾವುನೋವುಗಳಾಗಿದ್ದವು. ಬಣ್ಣಗಳೆಲ್ಲ ಮಸುಕಾಗಿ ಒಂದೇ ಥರ ಆದಮೇಲೆ, ಅಂಗಿಯನ್ನು ಗುರುತಿಸಲು ಅದರ ಒಳಮೈಯನ್ನೇ ನೋಡಬೇಕಾಯಿತು.

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸ್ಥಾಪನೆಯಾದದ್ದು 1917ರಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ. ಹೀಗೆ ಸಮಕಾಲೀನ ವಸ್ತುಗಳನ್ನು ಆಗಲೇ ಎತ್ತಿಟ್ಟಿದ್ದು ಮುಂದಿನವರಿಗೆ ದೊಡ್ಡ ಉಪಕಾರವಾಯಿತು. ಮನೆಗಳಲ್ಲಿ ಉಳಿದದ್ದರ ಕಥೆ ಬೇರೆ. ಅಧಿಕಾರಿಗಳು ಸ್ವಂತ ಖರ್ಚಿನಲ್ಲಿ ದರ್ಜಿಗಳಿಂದ ಹೊಲಿಸಿಕೊಂಡ ಕೋಟುಗಳು ಪೆಟ್ಟಿಗೆ ಸೇರಿದವು. ಅವುಗಳ ಒಳಜೇಬಿನ ದರ್ಜಿ ಚೀಟಿಯಲ್ಲಿ ಎಷ್ಟೋ ಸಲ ತೊಟ್ಟವನ ಹೆಸರು, ತಾರೀಕು ಎರಡೂ ಸಿಗುತ್ತವೆ. ಸಾಮಾನ್ಯ ಸಿಪಾಯಿಯ ಅಂಗಿಯಾದರೋ ಊರಿಗೆ ಮರಳಿ ಹೊಲದ ಕೆಲಸದಲ್ಲಿ, ಗ್ಯಾರೇಜಿನಲ್ಲಿ ಸವೆದುಹೋಯಿತು. ಲಕ್ಷಗಟ್ಟಲೆ ತಯಾರಾದ ಆ ಅಂಗಿಯೇ ಇಂದು ಅಪರೂಪವಾಗಿರುವುದು ಈ ಕಾರಣಕ್ಕೆ.

1945ರ ನಂತರ ಸೈನ್ಯಗಳು ಮಿಕ್ಕ ಸರಕನ್ನು ರಾಶಿ ರಾಶಿಯಾಗಿ ಮಾರಿದವು. ಅಗ್ಗದ ಬಟ್ಟೆಯೆಂದು ಕೂಲಿಕಾರರು, ವಿದ್ಯಾರ್ಥಿಗಳು ಕೊಂಡರು. ಸಿನಿಮಾದವರು ಬಣ್ಣ ಹಾಕಿ, ಕತ್ತರಿಸಿ ಬಳಸಿದರು. ಅಧ್ಯಯನಕ್ಕೆ ಗಂಭೀರತೆ ಬಂದದ್ದು ಮುಂದಿನ ಎರಡು ಮೂರು ದಶಕಗಳಲ್ಲಿ. ಆಂಡ್ರೂ ಮೊಲೊ ಹದಿಹರೆಯದಲ್ಲೇ ಜರ್ಮನ್ ಸಮವಸ್ತ್ರಗಳನ್ನು ಅರಿತವನು. ಕೆವಿನ್ ಬ್ರೌನ್‌ಲೋ ಜೊತೆಗೂಡಿ ಅವನು ನಿರ್ದೇಶಿಸಿದ 'ಇಟ್ ಹ್ಯಾಪನ್ಡ್ ಹಿಯರ್' ಚಿತ್ರದಲ್ಲಿ ಉಡುಪಿನ ನಿಖರತೆಗೆ ಕೊಟ್ಟ ಗಮನ ಇಂದಿಗೂ ಮೆಚ್ಚುವಂಥದ್ದು. 1970ರ ದಶಕದಲ್ಲಿ ಅವನೂ ಬ್ರಯಾನ್ ಡೇವಿಸ್‌ನೂ ಬರೆದ ಪುಸ್ತಕಗಳು ಸಂಗ್ರಾಹಕರ ಕೈಪಿಡಿಗಳಾದವು. ಬೇಡಿಕೆ ಏರಿತು, ಬೆಲೆಯೂ ಏರಿತು, ಅದರ ಹಿಂದೆಯೇ ನಕಲಿಗಳು ಬಂದವು. ನಕಲಿ ಮಾಡುವವರೂ ಅವೇ ಪುಸ್ತಕಗಳನ್ನು ಓದುತ್ತಿದ್ದರಿಂದ ಚಿತ್ರ ನೋಡಿ ಹೋಲಿಸುವ ವಿಧಾನಕ್ಕೆ ಬಲ ಉಳಿಯಲಿಲ್ಲ.

ಅಂಗಿಯ ಒಳಮೈಯನ್ನು ಓದುವ ಹೊಸ ವಿಧಾನವನ್ನು ಅರಿಯಲು ಬ್ರಿಟನ್ನಿನ ಬ್ಯಾಟಲ್‌ಡ್ರೆಸ್ ಒಳ್ಳೆಯ ಪಾಠ. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಬಂದ, ಸೊಂಟದವರೆಗಿನ ಈ ಉಣ್ಣೆಯ ಗಿಡ್ಡ ಅಂಗಿಗೆ ಮೊದಮೊದಲು ಗುಂಡಿಗಳು ಪಟ್ಟಿಯ ಮರೆಯಲ್ಲಿದ್ದವು, ಎದೆಯ ಜೇಬುಗಳಿಗೆ ನೆರಿಗೆಯಿತ್ತು. 1942ರಲ್ಲಿ ಬಟ್ಟೆ, ಕೂಲಿ ಎರಡನ್ನೂ ಉಳಿಸಲೆಂದು ನೆರಿಗೆ ತೆಗೆದರು, ಗುಂಡಿಗಳು ಹೊರಗೆ ಕಾಣತೊಡಗಿದವು. ಈ ಮಿತವ್ಯಯದ ಅಂಗಿಯ ಚೀಟಿಯಲ್ಲಿ '1940ರ ಮಾದರಿ' ಎಂದಿರುವುದರಿಂದ ಹೊಸಬರು ಅದನ್ನೇ ಹೊಲಿದ ವರ್ಷವೆಂದು ನಂಬುತ್ತಾರೆ. ನಿಜವಾದ ವರ್ಷ ಅದೇ ಚೀಟಿಯಲ್ಲಿ, ಅಳತೆ ಮತ್ತು ತಯಾರಕರ ಹೆಸರಿನ ಬಳಿ ಇರುತ್ತದೆ. ಸರ್ಕಾರಿ ಸ್ವತ್ತೆಂಬ ಬಾಣದ ಮುದ್ರೆಯೂ ಮಾತಾಡುತ್ತದೆ: ಕೆನಡಾದ್ದಾದರೆ ಬಾಣ 'ಸಿ' ಅಕ್ಷರದೊಳಗೆ, ಆಸ್ಟ್ರೇಲಿಯಾದ್ದಾದರೆ ಎರಡು 'ಡಿ'ಗಳ ನಡುವೆ, ಭಾರತದ್ದಾದರೆ 'ಐ' ಅಕ್ಷರದ ಜೊತೆ. ತೆರೆದ ಕಾಲರಿನ 1949ರ ಮಾದರಿಯನ್ನು ಯುದ್ಧಕಾಲದ ಅಧಿಕಾರಿಯ ಅಂಗಿಯೆಂದು ಮಾರುವುದುಂಟು; ಚೀಟಿ ಕಿತ್ತುಹೋಗಿದ್ದರೆ ಅಲ್ಲೇ ಅನುಮಾನಿಸಬೇಕು.

ಜರ್ಮನ್ ಅಂಗಿಯ ಒಳಗೆ ಐದು ಅಳತೆಗಳು ಮುದ್ರಿತವಾಗಿರುತ್ತವೆ, ಪಕ್ಕದಲ್ಲಿ ಉಗ್ರಾಣದ ಅಕ್ಷರ ಮತ್ತು ವರ್ಷ. 'ಬಿ 40' ಎಂದರೆ ಬರ್ಲಿನ್, 1940. ಯುದ್ಧದ ನಡುವೆ ತಯಾರಕರ ಹೆಸರಿನ ಬದಲು ಸಂಕೇತ ಸಂಖ್ಯೆ ಬಂತು. ಇದಕ್ಕಿಂತ ಹೆಚ್ಚು ನಂಬಬಹುದಾದದ್ದು ಬಟ್ಟೆ. ಉಣ್ಣೆಯ ಅಭಾವ ಹೆಚ್ಚಿದಂತೆಲ್ಲ ರೇಯಾನ್ ಮತ್ತು ಚಿಂದಿಯಿಂದ ಮರುನೂತ ಎಳೆಗಳ ಪಾಲು ಏರುತ್ತ ಹೋಯಿತು. 1936ರ ಮಾದರಿಯ ಕಡುಹಸಿರು ಕಾಲರು, ಜೇಬಿನ ನೆರಿಗೆ ಒಂದೊಂದಾಗಿ ಬಿದ್ದುಹೋಗಿ, 1944ರಲ್ಲಿ ಬ್ಯಾಟಲ್‌ಡ್ರೆಸ್ ಹೋಲುವ ಗಿಡ್ಡ ಅಂಗಿ ಬಂತು. ಒಂದು ದೇಶ ಸೋಲುತ್ತ ಹೋದದ್ದನ್ನು ಬಟ್ಟೆ ಮುಟ್ಟಿಯೇ ತಿಳಿಯಬಹುದು.

ಅಮೆರಿಕದ ಸಮವಸ್ತ್ರಗಳಲ್ಲಿ ಜೇಬಿನೊಳಗಿನ ಚೀಟಿಯ ಗುತ್ತಿಗೆ ಸಂಖ್ಯೆ ಕಾಲವನ್ನು ಹೇಳಿದರೆ, ಒಗೆತದ ಗುರುತು ಮನುಷ್ಯನನ್ನೇ ತೋರಿಸುತ್ತದೆ: ಮನೆತನದ ಹೆಸರಿನ ಮೊದಲಕ್ಷರ, ಸೈನಿಕ ಸಂಖ್ಯೆಯ ಕೊನೆಯ ನಾಲ್ಕು ಅಂಕಿ. 1973ರಲ್ಲಿ ಸೇಂಟ್ ಲೂಯಿಸ್ ದಾಖಲೆ ಕೇಂದ್ರಕ್ಕೆ ಬಿದ್ದ ಬೆಂಕಿಯಲ್ಲಿ ಸೈನಿಕರ 1.6 ಕೋಟಿಗೂ ಹೆಚ್ಚು ಕಡತಗಳು ಸುಟ್ಟುಹೋದದ್ದರಿಂದ ಈ ಹುಡುಕಾಟ ಹಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ.

ಭಾರತೀಯ ಸೈನ್ಯಕ್ಕೆ ಎರಡನೆಯ ಮಹಾಯುದ್ಧದಲ್ಲಿ ಸೇರಿದವರು ಸುಮಾರು 25 ಲಕ್ಷ ಮಂದಿ. ಅವರ ಖಾಕಿ ಡ್ರಿಲ್ ಅಂಗಿಗಳು, ಬರ್ಮಾ ಕಾಡಿಗೆಂದು ಬಂದ ಹಸಿರು ಉಡುಪುಗಳು ಹತ್ತಿಯವು. ಬೆವರು, ತೇವ, ಕಲ್ಲಿನ ಮೇಲಿನ ಒಗೆತ ತಾಳಿ ಉಳಿದವು ಕಡಿಮೆ. ಉಳಿದವುಗಳಲ್ಲಿ ಮಡಿವಾಳರು ಕರಿಗೇರಿನ ರಸದಿಂದ ಹಾಕಿದ ಕಪ್ಪು ಗುರುತು ಕಂಡರೆ ಅದನ್ನು ಕಲೆಯೆಂದು ತೆಗೆಯಬಾರದು. ಆ ಅಂಗಿ ಭಾರತದಲ್ಲಿ ಬಳಕೆಯಾಗಿತ್ತೆಂಬುದಕ್ಕೆ ಅದೊಂದು ಬಲವಾದ ಸೂಚನೆ.

ನಕಲಿಯನ್ನು ಹಿಡಿಯುವ ಈಚಿನ ಪರೀಕ್ಷೆಗಳು ಸರಳ. ನೇರಳಾತೀತ ದೀಪದಡಿ ದಾರ ಹೊಳೆದರೆ ಅದರಲ್ಲಿ ಯುದ್ಧಾನಂತರ ಹರಡಿದ ಬೆಳಗುವ ರಾಸಾಯನಿಕವಿದೆ ಎಂದರ್ಥ. ಆದರೆ ಅಸಲಿ ಅಂಗಿಯನ್ನು ಇಂದಿನ ಡಿಟರ್ಜೆಂಟಿನಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಪಾಲಿಯೆಸ್ಟರ್ ದಾರ ಸಿಕ್ಕರೆ ಹೊಲಿಗೆ ಯುದ್ಧಕಾಲದ್ದಲ್ಲ, ಆದರೂ ಬಟ್ಟೆ ಆ ಕಾಲದ್ದಿರಬಹುದು. ಪಟ್ಟಿ, ಬಿಲ್ಲೆಗಳನ್ನು ಆಮೇಲೆ ಹಚ್ಚಿದ್ದರೆ ಅವುಗಳ ಅಡಿಯ ಬಟ್ಟೆ ಸುತ್ತಲಿನಷ್ಟೇ ಮಾಸಿರುತ್ತದೆ. ಸಂಗ್ರಹಾಲಯಗಳು ಇಂಥ ಉಡುಪನ್ನು ಒಗೆಯದೆ, ಹಳೆಯ ತೇಪೆ ಬಿಚ್ಚದೆ, ಆಮ್ಲರಹಿತ ಕಾಗದ ತುಂಬಿ, ಬೆಳಕಿನಿಂದಲೂ ನುಸಿಯಿಂದಲೂ ದೂರವಿಡುತ್ತವೆ.