ಹ್ಯಾಂಡಲ್‌ನಿಂದ ಹೈಬ್ರಿಡ್‌ವರೆಗೆ

"ನಿಮ್ಮ ಹೈಬ್ರಿಡ್ ಕಾರನ್ನು ಎಲ್ಲಿ ಚಾರ್ಜ್ ಮಾಡ್ತೀರಿ?" ಚೆನ್ನೈಗೆ ಬಂದ ಮೇಲೆ ನಾನು ಹೆಚ್ಚು ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು. ಎಲ್ಲೂ ಇಲ್ಲ, ಅದಕ್ಕೆ ಹಾಕುವುದು ಪೆಟ್ರೋಲ್ ಮಾತ್ರ. ಹಾಗಾದರೆ ಅದರೊಳಗಿನ ಎಲೆಕ್ಟ್ರಿಕ್ ಮೋಟಾರಿಗೆ ಏನು ಕೆಲಸ? ಇದಕ್ಕೆ ಉತ್ತರ ಹೇಳಬೇಕಾದರೆ ನೂರು ವರ್ಷ ಹಿಂದಕ್ಕೆ, ಹೆಂಗಸರ ಕಾರಿನ ಕಥೆಗೇ ಹೋಗಬೇಕು.

1900ರ ಆಸುಪಾಸಿನಲ್ಲಿ ಪೆಟ್ರೋಲ್ ಕಾರು ಶುರುವಾಗಬೇಕಾದರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಯೇ ಮುರಿಯುತ್ತಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ಆ ಕಾಟವಿಲ್ಲ, ಹೊಗೆಯಿಲ್ಲ, ಸದ್ದಿಲ್ಲ. ಅಮೆರಿಕದಲ್ಲಿ ಅದನ್ನು ಹೆಂಗಸರ ಕಾರೆಂದೇ ಮಾರುತ್ತಿದ್ದರು. ಪೆಟ್ರೋಲ್ ಕಾರನ್ನು ಜನಸಾಮಾನ್ಯರಿಗೆ ಮುಟ್ಟಿಸಿದ ಹೆನ್ರಿ ಫೋರ್ಡ್‌ನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು 1914ರ ಡೆಟ್ರಾಯಿಟ್ ಎಲೆಕ್ಟ್ರಿಕ್!

ಅಷ್ಟರಲ್ಲೇ 1912ರ ಕ್ಯಾಡಿಲಾಕ್‌ನಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಬಂದಿತ್ತು. ಹ್ಯಾಂಡಲ್ ಹೋಯಿತು, ಪೆಟ್ರೋಲ್ ಕಾರು ಎಲ್ಲರ ಕೈಗೂ ಸಿಕ್ಕಿತು, ಎಲೆಕ್ಟ್ರಿಕ್ ಕಾರು ನಿಧಾನವಾಗಿ ಮೂಲೆ ಸೇರಿತು. ತಮಾಷೆ ನೋಡಿ, ಅದನ್ನು ಮೂಲೆಗೆ ತಳ್ಳಿದ ಸೆಲ್ಫ್ ಕೂಡ ಒಂದು ಎಲೆಕ್ಟ್ರಿಕ್ ಮೋಟಾರೇ.

ಎರಡನ್ನೂ ಜೋಡಿಸುವ ಯೋಚನೆ ಹೊಸದಲ್ಲ. ಫರ್ಡಿನಾಂಡ್ ಪೋರ್ಷೆ 1900ರ ಹೊತ್ತಿಗೇ ಅದನ್ನು ಮಾಡಿ ನೋಡಿದ್ದ. ಆದರೆ ಮಾರುಕಟ್ಟೆಯಲ್ಲಿ ನಿಂತದ್ದು 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಟೊಯೊಟಾ ಪ್ರಿಯಸ್. ಅದರಲ್ಲಿ ಎಂಜಿನ್ ಜೊತೆ ಎರಡು ಮೋಟಾರುಗಳಿವೆ. ಒಂದು ಎಂಜಿನ್ನನ್ನು ಎಬ್ಬಿಸುತ್ತದೆ, ಅಂದರೆ ಹಳೆಯ ಸೆಲ್ಫ್‌ನ ಕೆಲಸ. ಎಂಜಿನ್ ಎದ್ದ ಮೇಲೆ ತಾನೇ ಜನರೇಟರ್ ಆಗುತ್ತದೆ. ಇನ್ನೊಂದು ಚಕ್ರ ತಿರುಗಿಸುತ್ತದೆ. ಮೂವರ ಶಕ್ತಿಯನ್ನೂ ಹಂಚುವುದು ಒಂದು ಗ್ರಹಚಕ್ರ ಗೇರ್, ಅಂದರೆ ನಡುವೆ ಸೂರ್ಯನಂತೆ ಒಂದು ಹಲ್ಲುಚಕ್ರ, ಸುತ್ತ ಗ್ರಹಗಳಂತೆ ಪುಟ್ಟ ಚಕ್ರಗಳು, ಹೊರಗೊಂದು ಬಳೆ. ಎಂಟೆಕ್‌ನಲ್ಲಿ ಎಷ್ಟೋ ಸರ್ಕೀಟು ನೋಡಿದ್ದೇನೆ. ಇಷ್ಟು ಚಿಕ್ಕದರಲ್ಲಿ ಇಷ್ಟು ಜಾಣತನ ಕಂಡದ್ದು ಕಡಿಮೆ.

ಬ್ರೇಕ್ ಒತ್ತಿದಾಗ ಕರೆಂಟ್ ಹೇಗೆ ಬರುತ್ತದೆ? ಹಳೆಯ ಸೈಕಲ್ಲಿನ ಡೈನಮೋ ನೆನಪಿಸಿಕೊಳ್ಳಿ. ಅದನ್ನು ಟೈರಿಗೆ ತಾಗಿಸಿದರೆ ದೀಪ ಉರಿಯುತ್ತದೆ, ಪೆಡಲ್ ಮಾತ್ರ ಭಾರವಾಗುತ್ತದೆ. ಹೈಬ್ರಿಡ್ ಕಾರು ಆ ಭಾರವನ್ನೇ ಬ್ರೇಕಾಗಿ ಬಳಸಿ, ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ಕಳಿಸುತ್ತದೆ. ಮಾಮೂಲಿ ಕಾರಿನಲ್ಲಿ ಅದೆಲ್ಲ ಬ್ರೇಕಿನ ಬಿಸಿಯಾಗಿ ಹಾಳು.

ಸೈಕಲ್ ಅಂದಾಗ ನೆನಪಾಯಿತು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ನಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಅದೇ ಮನೆತನದವರು 1997ರಲ್ಲಿ ಟೊಯೊಟಾ ಜೊತೆ ಸೇರಿ ಬಿಡದಿಯಲ್ಲಿ ಕಾರ್ಖಾನೆಗೆ ಕೈಹಾಕಿದರು. ತಟ್ಟೆ ಇಡ್ಲಿಯ ಬಿಡದಿಯೇ! 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್, 2010ರಲ್ಲಿ ಪ್ರಿಯಸ್ ನಮ್ಮ ದೇಶಕ್ಕೆ ಬಂದರೂ ಎರಡೂ 20 ಲಕ್ಷ ದಾಟಿದ ಆಮದು ಕಾರುಗಳು. 2013ರಲ್ಲಿ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು, ಅದೂ ದುಬಾರಿಯೇ. 2022ರಲ್ಲಿ ಅಲ್ಲಿಂದಲೇ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಹೊರಬಂದ ಮೇಲೆ ಸಂಬಳದಾರರೂ ಲೆಕ್ಕ ಹಾಕತೊಡಗಿದರು. ಗ್ರ್ಯಾಂಡ್ ವಿಟಾರಾಗೆ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 27.97 ಕಿ.ಮೀ. ಬ್ಯಾಟರಿ ಹಿಡಿಸುವುದು ಬರೀ ಮುಕ್ಕಾಲು ಯೂನಿಟ್ ಕರೆಂಟು.

ಭಾರತದ ಡೆಟ್ರಾಯಿಟ್ ಎನ್ನಿಸಿಕೊಂಡ ನಮ್ಮ ಚೆನ್ನೈಗೆ ಈ ಕಾರು ಒಗ್ಗುವುದು ಸಹಜ. ಮೆಟ್ರೋ ಕಾಮಗಾರಿಯ ಓಎಂಆರ್ ರಸ್ತೆಯಲ್ಲಿ ನಿಂತು ನಿಂತು ಹೋಗುವಾಗ ಎಂಜಿನ್ ಆಗಾಗ ಮಲಗಿರುತ್ತದೆ, ಎಸಿ ಮಾತ್ರ ಬ್ಯಾಟರಿಯಿಂದ ನಡೆಯುತ್ತದೆ. ಮೇ ತಿಂಗಳಲ್ಲಿ ಬ್ಯಾಟರಿ ಬೇಗ ಇಳಿದು ಎಂಜಿನ್ ಪದೇ ಪದೇ ಏಳುತ್ತದೆ, ಗಾಬರಿ ಬೇಡ. ಬೆಂಗಳೂರಿಗೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋದರೆ ಬ್ರೇಕ್ ಕಡಿಮೆ, ಹಾಗಾಗಿ ಉಳಿತಾಯವೂ ಕಡಿಮೆ.

ಇನ್ನು ತೆರಿಗೆ. ಚಾರ್ಜ್ ಮಾಡುವ ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5. ಈ ಗಾತ್ರದ ಹೈಬ್ರಿಡ್‌ಗೆ 2025ರ ಸೆಪ್ಟೆಂಬರ್‌ನಲ್ಲಿ ಇಳಿಸಿದ ಮೇಲೂ ಶೇ. 40. ಪಾರ್ಕಿಂಗ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಇಲ್ಲದ ಬಾಡಿಗೆ ಮನೆಯವರ ಮಟ್ಟಿಗೆ ಈ ಅಂತರ ಅತಿಯಾಯಿತು ಎಂದೇ ನನ್ನ ಅನಿಸಿಕೆ. ಸ್ವಂತ ಮನೆ, ಸ್ವಂತ ಪ್ಲಗ್ ಇದ್ದವರು ನೇರವಾಗಿ ಎಲೆಕ್ಟ್ರಿಕ್ ಕಾರಿನ ಬೆಲೆಯನ್ನೇ ವಿಚಾರಿಸಬಹುದು.