ಸ್ವತಂತ್ರ ಗೇಮ್ ತಯಾರಿಕೆ: ಮಡಿಕೇರಿಯಿಂದ ಜಗತ್ತಿನ ಮಳಿಗೆಗೆ

ಗಣಕಯಂತ್ರದ ಗೇಮ್ ತಯಾರಿಸಲು ದೊಡ್ಡ ಕಂಪನಿ ಮತ್ತು ಮಹಾನಗರದ ಕಚೇರಿ ಅನಿವಾರ್ಯವಾಗಿದ್ದ ಕಾಲ ಕಳೆದಿದೆ. ಒಬ್ಬರೋ ಇಬ್ಬರೋ ಸೇರಿ, ಸ್ವಂತ ಹಣ ಮತ್ತು ಸ್ವಂತ ಕಲ್ಪನೆಯಿಂದ ರೂಪಿಸುವ ಆಟಗಳಿಗೆ ‘ಇಂಡೀ ಗೇಮ್’ ಎಂದು ಹೆಸರು. ಮಡಿಕೇರಿ, ವಿರಾಜಪೇಟೆ ಅಥವಾ ಪೊನ್ನಂಪೇಟೆಯ ಮನೆಯಲ್ಲಿ ಕುಳಿತವರೂ ಇಂದು ತಮ್ಮ ಆಟವನ್ನು ಜಗತ್ತಿನ ಮಳಿಗೆಯಲ್ಲಿ ಮಾರಾಟಕ್ಕಿಡಬಹುದು. ಆದರೆ ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗಿನ ದಾರಿ ಸಲೀಸಲ್ಲ. ಅರ್ಜಿ, ತೆರಿಗೆ ದಾಖಲೆ, ಪರಿಶೀಲನೆ ಹಾಗೂ ಕೊನೆಯ ದಿನಾಂಕಗಳ ಕ್ರಮ ತಪ್ಪಿದರೆ ವರ್ಷಗಳ ಶ್ರಮ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಕರ್ನಾಟಕದ ಹಿನ್ನೆಲೆ

ಭಾರತದ ಗೇಮ್ ಉದ್ಯಮಕ್ಕೆ ಬುನಾದಿ ಹಾಕಿದ ನಗರಗಳಲ್ಲಿ ಬೆಂಗಳೂರು ಪ್ರಮುಖವಾದುದು. ರಾಜೇಶ್ ರಾವ್ ಅವರು 1997ರಲ್ಲಿ ಇಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ವಿದೇಶಿ ಸಂಸ್ಥೆಗಳ ಗೇಮ್‌ಗಳಿಗೆ ಚಿತ್ರಕಲೆ ಮತ್ತು ತಂತ್ರಾಂಶ ಒದಗಿಸುತ್ತ ಬೆಳೆಯಿತು. ಬಳಿಕ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯ ಪಾಲಾದ ಅದನ್ನು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ರಾಜ್ಯ ಸರ್ಕಾರ 2012ರಲ್ಲಿ ಅನಿಮೇಷನ್ ಹಾಗೂ ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ಪ್ರಕಟಿಸಿತು. 2024ರಿಂದ 2029ರ ಅವಧಿಗೆ ಹೊಸ ನೀತಿಯೂ ಬಂದಿದೆ. ಇಷ್ಟಾದರೂ ಬಹುಕಾಲ ಇಲ್ಲಿ ನಡೆದದ್ದು ಹೆಚ್ಚಾಗಿ ಗುತ್ತಿಗೆಯ ಕೆಲಸ. ದುಡಿಮೆ ಇಲ್ಲಿಯದು, ಪೆಟ್ಟಿಗೆಯ ಮೇಲಿನ ಹೆಸರು ಹೊರಗಿನದು. ಸ್ವಂತ ಹೆಸರಿನಲ್ಲಿ ಆಟವನ್ನು ಹೊರತರಬೇಕೆನ್ನುವವರಿಗೆ ಅಂತರಜಾಲ ಮಳಿಗೆಗಳೇ ದಾರಿಯಾದವು.

ಮಳಿಗೆಯ ನಿಯಮಗಳು

ಗಣಕದ ಗೇಮ್‌ಗಳ ಅತಿದೊಡ್ಡ ಮಳಿಗೆ ಸ್ಟೀಮ್. ಅಮೆರಿಕದ ವಾಲ್ವ್ ಸಂಸ್ಥೆ ಇದನ್ನು 2003ರಲ್ಲಿ ಆರಂಭಿಸಿತು. 2012ರಿಂದ 2017ರವರೆಗೆ ಹೊಸಬರ ಆಟಗಳು ಒಳಬರಲು ಆಟಗಾರರ ಮತ ಪಡೆಯಬೇಕಿತ್ತು. 2017ರ ಜೂನ್‌ನಲ್ಲಿ ‘ಸ್ಟೀಮ್ ಡೈರೆಕ್ಟ್’ ಜಾರಿಗೆ ಬಂದ ಮೇಲೆ ಪ್ರತಿ ಆಟಕ್ಕೆ 100 ಡಾಲರ್ ಶುಲ್ಕ ತೆತ್ತು ಯಾರು ಬೇಕಾದರೂ ಅರ್ಜಿ ಹಾಕಬಹುದು. ರೂಪಾಯಿ ಲೆಕ್ಕದಲ್ಲಿ ಇದು ಎಂಟು ಸಾವಿರಕ್ಕೂ ಅಧಿಕ. ಆಟದ ಗಳಿಕೆ 1,000 ಡಾಲರ್ ದಾಟಿದರೆ ಶುಲ್ಕ ಮರಳಿ ಬರುತ್ತದೆ. ಮಾರಾಟದಲ್ಲಿ ಮಳಿಗೆಯ ಪಾಲು ಸಾಮಾನ್ಯವಾಗಿ ಶೇ 30.

ಹೊಸಬರು ಎಡವುವುದು ಹಣದಲ್ಲಲ್ಲ, ದಿನಗಣನೆಯಲ್ಲಿ. ಶುಲ್ಕ ಕಟ್ಟಿದ ದಿನದಿಂದ 30 ದಿನ ಕಳೆಯದೆ ಆಟವನ್ನು ಬಿಡುಗಡೆ ಮಾಡುವಂತಿಲ್ಲ. ‘ಶೀಘ್ರದಲ್ಲಿ ಬರಲಿದೆ’ ಎಂಬ ಪುಟ ಕನಿಷ್ಠ ಎರಡು ವಾರ ಸಾರ್ವಜನಿಕವಾಗಿ ತೆರೆದಿರಬೇಕು. ಆ ಪುಟವನ್ನೂ ಆಟದ ಪ್ರತಿಯನ್ನೂ ಸಂಸ್ಥೆಯ ಸಿಬ್ಬಂದಿ ಬೇರೆ ಬೇರೆಯಾಗಿ ಪರಿಶೀಲಿಸುತ್ತಾರೆ. ಇದಕ್ಕೆ ಕೆಲವು ಕೆಲಸದ ದಿನಗಳು ಹಿಡಿಯುತ್ತವೆ. ಪುಟದಲ್ಲಿ ಇದೆಯೆಂದು ಹೇಳಿದ ಸೌಲಭ್ಯ ಆಟದಲ್ಲಿ ಸಿಗದಿದ್ದರೆ ಅರ್ಜಿ ತಿದ್ದುಪಡಿಗೆ ಹಿಂತಿರುಗುತ್ತದೆ. ದಸರಾ ರಜೆಗೆ ಬಿಡುಗಡೆ ಎಂದುಕೊಂಡವರು ಸೆಪ್ಟೆಂಬರ್ ಕೊನೆಗೆ ಅರ್ಜಿ ಹಾಕಿದರೆ ಹಬ್ಬ ಕಳೆದ ಮೇಲೆಯೇ ಆಟ ಹೊರಬರುವುದು.

ಆಟವನ್ನು ಮಳಿಗೆಗೆ ಏರಿಸಲು ‘ಸ್ಟೀಮ್‌ಪೈಪ್’ ಎಂಬ ಸಾಧನವಿದೆ. ಮೊದಲ ಬಾರಿ ಇಡೀ ಆಟವನ್ನು ಕಳುಹಿಸಿದ ನಂತರ, ಬದಲಾದ ಭಾಗವಷ್ಟೇ ರವಾನೆಯಾಗುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು, ಅಂತರಜಾಲ ಎರಡೂ ಕೈಕೊಡುವ ಕೊಡಗಿನಂಥ ಜಿಲ್ಲೆಗೆ ಇದು ಉಪಕಾರಿ. ಆದ್ದರಿಂದ ಮೊದಲ ದೊಡ್ಡ ಪ್ರತಿಯನ್ನು ಮಳೆ ಹಿಡಿಯುವ ಮುನ್ನವೇ ಏರಿಸಿಡುವುದು ವಿವೇಕ.

ಹೆಸರು, ತೆರಿಗೆ, ಬ್ಯಾಂಕು

ನೋಂದಣಿಯ ವೇಳೆ ನೀಡುವ ಹೆಸರು, ತೆರಿಗೆ ದಾಖಲೆಯ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಆಗಿರಬೇಕು. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುವುದು ಪದ್ಧತಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಇಂಥ ಹೆಸರು ಪ್ಯಾನ್ ಕಾರ್ಡಿನಲ್ಲಿ ಒಂದು ಬಗೆಯಾಗಿ, ಬ್ಯಾಂಕಿನಲ್ಲಿ ಕೇವಲ ಮೊದಲಕ್ಷರಗಳಾಗಿ ಇದ್ದರೆ ಪರಿಶೀಲನೆ ಅಲ್ಲಿಯೇ ನಿಲ್ಲಬಹುದು. ಅರ್ಜಿಗೆ ಮೊದಲೇ ಇದನ್ನು ಸರಿಪಡಿಸಿಕೊಳ್ಳುವುದು ಒಳಿತು.

ಅಮೆರಿಕದ ಗ್ರಾಹಕರಿಂದ ಬರುವ ಆದಾಯದ ಮೇಲೆ ಆ ದೇಶ ಶೇ 30ರಷ್ಟು ತೆರಿಗೆ ಹಿಡಿಯುತ್ತದೆ. ‘ಡಬ್ಲ್ಯು-8 ಬೆನ್’ ಎಂಬ ನಮೂನೆಯಲ್ಲಿ ಪ್ಯಾನ್ ಸಂಖ್ಯೆ ನಮೂದಿಸಿ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಲಾಭ ಕೋರಿದರೆ ರಾಯಧನದ ಮೇಲಿನ ಈ ಪ್ರಮಾಣ ಶೇ 15ಕ್ಕೆ ಇಳಿಯುತ್ತದೆ. ಒಂದು ಸಾಲನ್ನು ಖಾಲಿ ಬಿಟ್ಟರೆ ತೆರಿಗೆ ಇಮ್ಮಡಿಯಾದಂತೆ.

ಕನ್ನಡ ಅಕ್ಷರದ ತೊಡಕು

ಕೊಡವ ತಕ್ಕನ್ನು ಯುನೆಸ್ಕೊ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಐನ್‌ಮನೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇವೆಲ್ಲ ಆಟದ ವಸ್ತುವಾಗಬಲ್ಲವು. ಆ ಭಾಷೆಯನ್ನು ಬರೆಯಲು ಬಳಕೆಯಲ್ಲಿರುವುದು ಕನ್ನಡ ಲಿಪಿ. ಇಲ್ಲಿಯೇ ತಾಂತ್ರಿಕ ತೊಡಕು. ಯೂನಿಟಿ ಎಂಬ ಜನಪ್ರಿಯ ತಂತ್ರಾಂಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಟೆಕ್ಸ್ಟ್ ಮೆಶ್ ಪ್ರೊ’ ಒತ್ತಕ್ಷರಗಳನ್ನು ತಾನಾಗಿ ಜೋಡಿಸುವುದಿಲ್ಲ. ‘ಅಕ್ಕ’ ಎಂಬ ಪದದ ಒತ್ತು ಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತದೆ. 2023ರಲ್ಲಿ ಬಂದ ಗೋಡೋ 4 ಎಂಬ ಉಚಿತ ತಂತ್ರಾಂಶ ಹಾಗೂ ಅನ್‌ರಿಯಲ್ ಎಂಜಿನ್ ಇಂಥ ಲಿಪಿಗಳನ್ನು ಸರಿಯಾಗಿ ಮೂಡಿಸುತ್ತವೆ. ಕನ್ನಡದಲ್ಲಿ ಆಟ ತರಬೇಕೆನ್ನುವವರು ತಂತ್ರಾಂಶವನ್ನು ಆರಿಸುವ ಮೊದಲ ದಿನವೇ ಒಂದು ಸಾಲು ಟೈಪಿಸಿ ನೋಡಬೇಕು.

ಉತ್ಸವಗಳು

ಗೇಮ್ ಉತ್ಸವಗಳಲ್ಲಿ ಎರಡು ಬಗೆ. ಮೊದಲನೆಯದು ಮಳಿಗೆಯೇ ನಡೆಸುವ ಪ್ರದರ್ಶನ. ಸ್ಟೀಮ್‌ನ ‘ನೆಕ್ಸ್ಟ್ ಫೆಸ್ಟ್’ ಫೆಬ್ರುವರಿ, ಜೂನ್ ಮತ್ತು ಅಕ್ಟೋಬರ್ ತಿಂಗಳಲ್ಲಿ ನಡೆಯುತ್ತದೆ. ಇನ್ನೂ ಬಿಡುಗಡೆಯಾಗದ ಆಟದ ಮಾದರಿ ಪ್ರತಿಯನ್ನು ಜನರು ಪುಕ್ಕಟೆಯಾಗಿ ಆಡಿ, ಮೆಚ್ಚಿದರೆ ‘ವಿಶ್‌ಲಿಸ್ಟ್’ಗೆ ಸೇರಿಸಿಕೊಳ್ಳುತ್ತಾರೆ, ಬಿಡುಗಡೆಯ ದಿನ ಅವರಿಗೆ ಸೂಚನೆ ಹೋಗುತ್ತದೆ. ಒಂದು ಆಟಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ. ಅರೆಬೆಂದ ಮಾದರಿಯನ್ನು ಅವಸರದಲ್ಲಿ ಇಟ್ಟವರಿಗೆ ಎರಡನೆಯ ಸರದಿ ಇಲ್ಲ. ಕೊಡಗಿನವರಿಗೆ ಜೂನ್ ಎಂದರೆ ಮುಂಗಾರು ಹಿಡಿಯುವ ಹೊತ್ತು. ಆಟಗಾರರ ದೂರುಗಳಿಗೆ ಅಂದಂದೇ ಉತ್ತರಿಸಬೇಕಾದ ವಾರದಲ್ಲಿ ವಿದ್ಯುತ್ತಿಲ್ಲದಿದ್ದರೆ ಕಷ್ಟ. ಫೆಬ್ರುವರಿ ಹೆಚ್ಚು ಅನುಕೂಲ.

ಎರಡನೆಯದು ತೀರ್ಪುಗಾರರಿರುವ ಸ್ಪರ್ಧೆ. 1998ರಲ್ಲಿ ಆರಂಭವಾದ ‘ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್’ ಇವುಗಳಲ್ಲಿ ಹಿರಿಯದು. ಪ್ರಶಸ್ತಿ ಪ್ರದಾನ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆಯುತ್ತ ಬಂದಿದೆ. ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಿಭಾಗವಿದೆ. ಅಪೂರ್ಣ ಆಟಗಳನ್ನೂ ಕಳುಹಿಸಬಹುದು. ತೀರ್ಪುಗಾರರು ನೂರಾರು ಆಟಗಳನ್ನು ನೋಡಬೇಕಾದುದರಿಂದ ಆಟದ ತಿರುಳು ಮೊದಲ ಕೆಲವು ನಿಮಿಷಗಳಲ್ಲೇ ಕಾಣಿಸುವಂತಿರಬೇಕು.

ಆಟದ ಪುಟ ತೆರೆದೊಡನೆ, ತಾವು ವಿಮರ್ಶಕರೆಂದು ಹೇಳಿಕೊಂಡು ಉಚಿತ ‘ಕೀ’ ಬೇಡುವ ಅಪರಿಚಿತ ಇ-ಮೇಲ್‌ಗಳು ಬರತೊಡಗುತ್ತವೆ. ಇವುಗಳಲ್ಲಿ ಅನೇಕವು ಕೀಗಳನ್ನು ಮರುಮಾರಾಟ ಮಾಡುವವರದು. ಸ್ಟೀಮ್‌ನೊಳಗಿನ ‘ಕ್ಯುರೇಟರ್ ಕನೆಕ್ಟ್’ ಮೂಲಕವಷ್ಟೇ ಪ್ರತಿ ಕಳುಹಿಸಿದರೆ ಮೋಸ ತಪ್ಪುತ್ತದೆ.

ಇತರ ಮಳಿಗೆಗಳು

2013ರಲ್ಲಿ ಆರಂಭವಾದ ಇಚ್ ಡಾಟ್ ಐಓ ಪ್ರವೇಶ ಶುಲ್ಕ ಕೇಳುವುದಿಲ್ಲ. ಮಳಿಗೆಗೆ ಎಷ್ಟು ಪಾಲು ಕೊಡಬೇಕೆಂಬುದನ್ನು ಮಾರುವವರೇ ನಿರ್ಧರಿಸಬಹುದು. ಮೊದಲ ಪ್ರಯತ್ನವನ್ನು ಜನರ ಮುಂದಿಟ್ಟು ತಪ್ಪು ತಿದ್ದಿಕೊಳ್ಳಲು ಇದು ತಕ್ಕ ಜಾಗ. ಎಪಿಕ್ ಗೇಮ್ಸ್ ಸ್ಟೋರ್ 2023ರಲ್ಲಿ ಹೊಸಬರಿಗೆ ಸ್ವಯಂ ಪ್ರಕಟಣೆಯ ಸೌಲಭ್ಯ ನೀಡಿತು. 2025ರ ಜೂನ್‌ನಿಂದ ಪ್ರತಿ ಆಟದ ವಾರ್ಷಿಕ ಗಳಿಕೆಯಲ್ಲಿ ಮೊದಲ ಹತ್ತು ಲಕ್ಷ ಡಾಲರ್‌ವರೆಗೆ ಪಾಲನ್ನೇ ಬಿಟ್ಟುಕೊಟ್ಟಿದೆ.

ಮೇಲ್ಪಂಕ್ತಿ

ಪುಣೆಯ ನಾಡಿಂಗ್ ಹೆಡ್ಸ್ ತಂಡ ‘ರಾಜಿ’ ಆಟಕ್ಕಾಗಿ 2017ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಹಣ ಸಂಗ್ರಹಿಸಲು ಹೊರಟು ಗುರಿ ಮುಟ್ಟಲಿಲ್ಲ. ಆದರೂ 2020ರಲ್ಲಿ ಆಟ ಬಿಡುಗಡೆಯಾಗಿ ಅದೇ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಚೊಚ್ಚಲ ಇಂಡೀ ಆಟದ ವಿಭಾಗಕ್ಕೆ ನಾಮಕರಣಗೊಂಡಿತು. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ‘ವೆಂಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯ ಕಥೆ. ಹರಿದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದುದನ್ನು ಊಹಿಸಿ ಇಡ್ಲಿ ಬೇಯಿಸುವುದೇ ಅದರ ಆಟ. 2024ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತ್ಯುನ್ನತ ಪ್ರಶಸ್ತಿ ಅದಕ್ಕೆ ಸಂದಿತು.

ಮನೆಮಾತು ಮತ್ತು ಮನೆಯ ಅಡುಗೆ ಜಗತ್ತಿಗೆ ಅಡ್ಡಿಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕೊಡಗಿನ ಕಥೆಗೂ ಆ ದಾರಿ ತೆರೆದೇ ಇದೆ. ಅದಕ್ಕೆ ಕಲ್ಪನೆಯಷ್ಟೇ ಅಗತ್ಯವಾದುದು ಒಂದು ಕ್ಯಾಲೆಂಡರು: ಬಿಡುಗಡೆಗೆ ಒಂದು ವರ್ಷ ಮೊದಲೇ ದಾಖಲೆ ಸರಿಪಡಿಸಿ, ಆರು ತಿಂಗಳ ಮೊದಲು ಪುಟ ತೆರೆದು, ಮಾದರಿ ಪ್ರತಿ ಪಕ್ವವಾದ ಮೇಲಷ್ಟೇ ಉತ್ಸವಕ್ಕೆ ಹೆಸರು ಕೊಟ್ಟವರ ಶ್ರಮ ಆಟಗಾರರ ಕಣ್ಣಿಗೆ ಬೀಳುವ ಸಂಭವ ಹೆಚ್ಚು.